ಹಾಡಿನ ಜೊತೆ ಹೋಗದ ಚೀಟಿ

ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಗೋವೆಗೆ ಹೋಗುವ ದಾರಿಯಲ್ಲಿ, ಖಾನಾಪುರ ತಾಲ್ಲೂಕಿನ ಜಾಂಬೋಟಿ ಬಂತೆಂದರೆ ಮಳೆಯ ಲೆಕ್ಕವೇ ಬೇರೆಯಾಗುತ್ತದೆ. ಇನ್ನೂ ಮುಂದೆ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸೀಮೆಯಲ್ಲಿ ಗೋಡೆ, ಹಾಸಿಗೆ, ಪುಸ್ತಕ ಯಾವುದೂ ಪೂರ್ತಿ ಒಣಗುವುದಿಲ್ಲ. ಅಂಥ ಗಾಳಿಯಲ್ಲಿ ಟೇಪಿನ ಸುರುಳಿಗೆ ಬೂಸ್ಟು ಹಿಡಿಯುತ್ತದೆ, ಯಂತ್ರದ ಹೆಡ್ಡಿಗೆ ಕಿಲುಬು ಕೂರುತ್ತದೆ. ಹೀಗಾಗಿ ಮಲೆನಾಡಿನ ಅಂಚಿನ ಹಳೆಯ ಧ್ವನಿಮುದ್ರಣಗಳು ಕೈಬಿಟ್ಟುಹೋದಾಗ ಮಳೆಯನ್ನು ದೂರುವುದು ಸುಲಭ. ಆದರೆ ಹಾಡನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಿದ ನೂರಿಪ್ಪತ್ತು ವರ್ಷಗಳ ಚರಿತ್ರೆಯನ್ನು ಬಿಡಿಸಿ ನೋಡಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಸಾಗಣೆಯಲ್ಲಿ ಮೊದಲು ಕಳೆದುಹೋಗುವುದು ಧ್ವನಿಗೆ ಅಂಟಿಕೊಂಡಿರಬೇಕಾದ ಚೀಟಿ: ಹಾಡಿದವರು ಯಾರು, ಯಾವ ವೇಗದಲ್ಲಿ ಮುದ್ರಿಸಿದ್ದು, ಶ್ರುತಿ ಎಷ್ಟು, ಯಾವ ತುಂಡಿನ ಪಕ್ಕಕ್ಕೆ ಯಾವ ತುಂಡು. ಧ್ವನಿ ಹಾಳಾಗುವುದು ಆಮೇಲೆ. ಇಂದು ಬೆಳಗಾವಿಯ ಯಾವುದೋ ಓಣಿಯ ಸ್ಟುಡಿಯೋದಲ್ಲಿ ಹಳೆ ಕಂಪ್ಯೂಟರ್ ಕೆಟ್ಟು ಹೊಸದಕ್ಕೆ ರೆಕಾರ್ಡಿಂಗ್ ಪ್ರಾಜೆಕ್ಟ್‌ಗಳನ್ನು ಸಾಗಿಸುವವರು ಪಡುವ ಪಾಡು ಈ ಚರಿತ್ರೆಯ ಕಡೆಯ ಅಧ್ಯಾಯ, ಅಷ್ಟೆ. ಅದರಲ್ಲಿ ಹೊಸ ತಪ್ಪು ಒಂದೂ ಇಲ್ಲ.

ಮೊದಲ ಅಧ್ಯಾಯ 1902ರದು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಆ ವರ್ಷ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮುಂತಾದವರ ಹಾಡುಗಳನ್ನು ಮುದ್ರಿಸಿಕೊಂಡ. ಮುದ್ರಣದ ಮೂಲಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕು. ಅಲ್ಲಿ ತಟ್ಟೆ ಅಚ್ಚಾಗಿ ಮತ್ತೆ ಹಿಂದೂಸ್ತಾನಕ್ಕೆ ಬರಬೇಕು. ಕಲ್ಕತ್ತೆಯಲ್ಲೇ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಹ್ಯಾನೋವರ್‌ನ ಕೆಲಸಗಾರನಿಗೆ ಠುಮ್ರಿ ಯಾವುದು, ಹಾಡಿದವಳು ಯಾರು ಎಂದು ತಿಳಿಯುವ ಬಗೆ ಹೇಗೆ? ಅದಕ್ಕೇ ಹಾಡಿನ ಕೊನೆಯಲ್ಲಿ ಕಲಾವಿದರೇ ತಮ್ಮ ಹೆಸರು ಕೂಗಿ ಹೇಳುವ ರೂಢಿ ಬಂತೆಂದು ಗ್ರಾಮಫೋನ್ ಚರಿತ್ರೆಕಾರರು ಹೇಳುತ್ತಾರೆ. ಗೌಹರ್ ಜಾನ್ ತನ್ನ ಹೆಸರನ್ನು ಇಂಗ್ಲಿಷಿನಲ್ಲೇ ಹೇಳಿ ಮುಗಿಸುವುದು ಇಂದಿಗೂ ಆ ತಟ್ಟೆಗಳಲ್ಲಿ ಕೇಳುತ್ತದೆ. ಕೇಳುಗರಿಗೆ ಅದೊಂದು ಠೀವಿಯಾಗಿ ಕಂಡಿತು. ನಿಜದಲ್ಲಿ ಅದು ಚೀಟಿ. ಅದೂ ಧ್ವನಿಯೊಳಗೇ ಕೆತ್ತಿದ, ಉದುರಿಹೋಗಲು ಸಾಧ್ಯವೇ ಇಲ್ಲದ ಚೀಟಿ. ಹೆಸರನ್ನು ಕಾಗದದ ಲೇಬಲ್ಲಿಗೆ ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳ ಮೇಲೆ ಹೆಸರು ಗಾಂಧಾರಿ ಎಂದಿದೆ. ಧಾರವಾಡ–ಹುಬ್ಬಳ್ಳಿಯವರಿಗೆ ಆಗ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇನ್ನೊಂದು ಊರಿನ ಸಂಗ್ರಹದ ಪಟ್ಟಿಯಲ್ಲಿ ಮಾತ್ರ ಒಂದೇ ಕಂಠ ಇಬ್ಬರು ಗಾಯಕಿಯರಾಗಿಬಿಡಬಹುದು.

ಹೆಸರಿಗಿಂತ ಸೂಕ್ಷ್ಮವಾದದ್ದು ವೇಗ. ನಿಮಿಷಕ್ಕೆ 78 ಸುತ್ತು ಎಂದು ನಾವು ಸಲೀಸಾಗಿ ಹೇಳುತ್ತೇವೆ, ಆದರೆ ಮೊದಲ ಎರಡು ದಶಕಗಳ ತಟ್ಟೆಗಳು ಒಂದೊಂದು ಒಂದೊಂದು ವೇಗದಲ್ಲಿ ಮುದ್ರಣವಾದವು. 1925ರ ನಂತರ ವಿದ್ಯುತ್ ಮುದ್ರಣ ಬಂದ ಮೇಲೆಯೇ ಆ ಸಂಖ್ಯೆ ಗಟ್ಟಿಯಾಗಿ ನಿಂತದ್ದು. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಡಿಮೆ ಹಾರ್ಮೋನಿಯಂನ ಒಂದು ಪಟ್ಟಿಯಷ್ಟು ಮೇಲೇರುತ್ತದೆ, ಲಯವೂ ಅದೇ ಪ್ರಮಾಣದಲ್ಲಿ ಚುರುಕಾಗುತ್ತದೆ. ಪಾಶ್ಚಾತ್ಯ ವಾದ್ಯಮೇಳದ ತಟ್ಟೆಯಾದರೆ ಕೃತಿ ಯಾವ ಸ್ವರದಲ್ಲಿ ಬರೆದದ್ದು ಎಂದು ಕಾಗದದಲ್ಲಿ ನೋಡಿ ಸರಿಪಡಿಸಬಹುದು. ನಮ್ಮಲ್ಲಿ ಷಡ್ಜ ಎಂದರೆ ಹಾಡುವವರು ಅಂದು ಇಟ್ಟುಕೊಂಡ ಷಡ್ಜ. ಅದಕ್ಕೆ ಬೇರೆ ಸಾಕ್ಷಿ ಇಲ್ಲ. ಹಿಂದೆ ನುಡಿಯುವ ಹಾರ್ಮೋನಿಯಂ ಸ್ವಲ್ಪ ಸುಳಿವು ಕೊಡುತ್ತದೆ, ಬರೀ ತಂಬೂರಿ ಇದ್ದರೆ ಅದೂ ಇಲ್ಲ. ಹಳೆಯ ಗಾಯಕರ ಕಂಠ ಎಷ್ಟು ತೆಳು, ತಾನ ಎಷ್ಟು ಚುರುಕು ಎಂದು ಬೆರಗಾಗುವವರು ತಾವು ಗಾಯಕರನ್ನು ಮೆಚ್ಚುತ್ತಿದ್ದೇವೋ ಮೋಟರಿನ ವೇಗವನ್ನೋ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಒಂದೇ ಒಂದು ಅಂಕಿ ಬರೆದಿಟ್ಟಿದ್ದರೆ ಸಾಕಿತ್ತು. ಬರೆಯಲಿಲ್ಲ, ಏಕೆಂದರೆ ಮುದ್ರಿಸಿದವನಿಗೆ ಅದು ಗೊತ್ತಿತ್ತು.

ಇಲ್ಲೇ ಈ ಚರಿತ್ರೆಯ ತಿರುಳಿದೆ ಎಂದು ನನಗೆ ತೋರುತ್ತದೆ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆಯುವುದಿಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದಾಗ ತ್ರಿಪದಿಗಳ ಪದಗಳು ಅಚ್ಚಾದವು. ಬೀಸುವಾಗ ಯಾವ ಧಾಟಿ, ಕುಟ್ಟುವಾಗ ಯಾವ ಧಾಟಿ ಎಂಬುದು ಆಗ ಓದುಗರ ಮನೆಯಲ್ಲೇ ಕೇಳುತ್ತಿದ್ದ ಸಂಗತಿ. ಪುಸ್ತಕವೂ ಒಂದು ಯಂತ್ರವೇ. ಅದು ಪದವನ್ನು ಹೊತ್ತಿತು, ಧಾಟಿಯನ್ನು ಓದುಗರ ನೆನಪಿಗೆ ಬಿಟ್ಟಿತು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದ ಮೇಲೆ ಹುಟ್ಟಿದವರ ಕೈಯಲ್ಲಿ ಪುಸ್ತಕ ಉಳಿಯಿತು. ಸಂಗ್ರಹಕಾರರ ತಪ್ಪೆಂದು ಇದನ್ನು ಹೇಳುತ್ತಿಲ್ಲ. ಅವರು ಮಾಡದಿದ್ದರೆ ಪದವೂ ಇರುತ್ತಿರಲಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಅರ್ಧ ಶತಮಾನದ ನಂತರ ಇದೇ ಕೆಲಸಕ್ಕೆ ಕೈಹಾಕಿದ ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತ್ವಾಂ ಬೀಸುಗಲ್ಲಿನ ಓವಿಗಳನ್ನು ಲಕ್ಷಕ್ಕೂ ಮೀರಿ ಬರೆಸಿಕೊಂಡರು. ಕರ್ನಾಟಕದ ಗಡಿಯ ಕೆಲವು ಹಳ್ಳಿಗಳೂ ಆ ಸಂಗ್ರಹದಲ್ಲಿ ಸೇರಿವೆ. ಹಾಡಿದವಳ ಹೆಸರು, ಹಳ್ಳಿ, ವಿಷಯದ ವರ್ಗ ಎಲ್ಲವನ್ನೂ ಪ್ರತಿ ಓವಿಗೆ ಕಟ್ಟಿದ್ದರು. ಸಂಗೀತ ಮತ್ತು ಗಣಕ ಎರಡನ್ನೂ ಬಲ್ಲ ಬರ್ನಾರ್ಡ್ ಬೆಲ್ 1990ರ ದಶಕದಲ್ಲಿ ಜೊತೆ ಸೇರಿ ಅದರಲ್ಲೊಂದು ಪಾಲನ್ನು ಡಿಜಿಟಲ್ ಟೇಪಿಗೆ ಮುದ್ರಿಸಿದರು. ಈಚಿನ ವರ್ಷಗಳಲ್ಲಿ, ಗ್ರಾಮೀಣ ಭಾರತದ ಬದುಕನ್ನು ದಾಖಲಿಸುವ ‘ಪರಿ’ ಸಂಸ್ಥೆ ಆ ಇಡೀ ಸಂಗ್ರಹವನ್ನು ತನ್ನ ಗಣಕಗಳಿಗೆ ತಂದುಕೊಂಡಿತು. ಅದರ ಕಾರ್ಯಕರ್ತರು ಮತ್ತೆ ಆ ಹಳ್ಳಿಗಳಿಗೆ ಹೋಗಿ, ಇಪ್ಪತ್ತು ವರ್ಷಗಳ ಹಿಂದೆ ಹಾಡಿದ್ದ ಹೆಂಗಸರನ್ನು ಹುಡುಕಿ ಮಾತಾಡಿಸಿದರು. ಹುಡುಕಲು ಆದದ್ದು ಹೆಸರು, ಊರು ಬರೆದಿದ್ದರಿಂದ. ಜಾಂಬೋಟಿ ಕಡೆಯ ಹಳ್ಳಿಗಳಲ್ಲಿ ಮರಾಠಿ, ಕೊಂಕಣಿ, ಕನ್ನಡ ಮೂರೂ ಒಂದೇ ಅಂಗಳದಲ್ಲಿ ಕೇಳುತ್ತವೆ. ಅಂಥ ಕಡೆ ಹಾಡಿನ ಪಕ್ಕ ಬರೀ ‘ಜಾನಪದ ಗೀತೆ’ ಎಂದು ಬರೆದಿಟ್ಟರೆ ಬರೆಯದೆ ಬಿಟ್ಟದ್ದಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ.

ಚೀಟಿ ಇದ್ದೂ ಯಂತ್ರ ಇಲ್ಲದ ಪೇಚಾಟ ಇನ್ನೊಂದು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ಕೇರಳ, ತಮಿಳುನಾಡು, ಕರ್ನಾಟಕಗಳಲ್ಲಿ ತಿರುಗಾಡಿ ಹಾಡು, ಕುಣಿತಗಳನ್ನು ಮುದ್ರಿಸಿದ. ಮೇಣದ ಕೊಳವೆ ಬಿಟ್ಟು ಆಗಿನ ಹೊಸ ಜರ್ಮನ್ ಯಂತ್ರ ಟೆಫಿ ಅವನ ಕೈಯಲ್ಲಿತ್ತು. ಫಿಲ್ಮಿನಂಥ ಪಟ್ಟಿಯ ಮೇಲೆ ಗೀರು ಕೊರೆಯುವ ಯಂತ್ರ ಅದು. ಕೊಳವೆಯಲ್ಲಿ ಎರಡು ಮೂರು ನಿಮಿಷ ಹಿಡಿದರೆ ಇದರಲ್ಲಿ ಎಷ್ಟೋ ಹೆಚ್ಚು ಹೊತ್ತು. ಆ ಕಾಲಕ್ಕೆ ಅದು ಸರಿಯಾದ ಆಯ್ಕೆಯೇ. ಆದರೆ ಟೆಫಿ ಲೋಕದಲ್ಲಿ ನೆಲೆ ಊರಲಿಲ್ಲ, ಪಟ್ಟಿ ಉಳಿದರೂ ಅದನ್ನು ನುಡಿಸುವ ಯಂತ್ರ ವಿರಳವಾಯಿತು. ಬಾಕೆಯ ಶಿಷ್ಯ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ, ಟೇಪಿಗೆ ಇಳಿಸಿದ ಪ್ರತಿಗಳನ್ನು ಹಿಡಿದು ಬಾಕೆ ಹೋಗಿದ್ದ ಊರುಗಳಿಗೇ ಮರಳಿದರು. ಇಂಥ ಪ್ರತಿಗಳನ್ನು ದೇಶದೊಳಗೆ ಇಡುವುದಕ್ಕೆಂದೇ 1982ರಲ್ಲಿ ಶುರುವಾದ ಜನಾಂಗ ಸಂಗೀತದ ದಾಖಲೆಕೇಂದ್ರ ಈಗ ಗುರುಗ್ರಾಮದಲ್ಲಿದೆ. ಬಾಕೆಯ ಹಾಡುಗಳು ನಮಗೆ ಸಿಕ್ಕಿದ್ದು ಟೆಫಿ ಇನ್ನೂ ತಿರುಗುತ್ತಿದ್ದಾಗಲೇ ಯಾರೋ ಅದನ್ನು ಬೇರೆ ಮಾಧ್ಯಮಕ್ಕೆ ಇಳಿಸಿದ್ದರಿಂದ. ಸಾಗಣೆಗೆ ಮುಹೂರ್ತ ಹಳೆ ಯಂತ್ರ ಚೆನ್ನಾಗಿರುವಾಗಲೇ. ನಾವೋ ಅದು ಕೆಟ್ಟ ಮೇಲೆ ಓಡಾಡುತ್ತೇವೆ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯಿಂದ ಹಿಡಿದು ಕ್ಯಾಸೆಟ್ ಅಂಗಡಿಗಳವರೆಗೆ ಬಂದದ್ದು ಟೇಪಿನ ಯುಗ. ಅದರಲ್ಲಿ ಒಂದು ಅನುಕೂಲವಿತ್ತು, ಒಂದು ಆಪತ್ತಿತ್ತು. ಟೇಪನ್ನು ಅಳಿಸಿ ಮತ್ತೆ ಬಳಸಬಹುದು ಎಂಬುದೇ ಎರಡೂ. ಸುರುಳಿ ದುಬಾರಿಯಾಗಿದ್ದ ಕಾಲದಲ್ಲಿ ರೇಡಿಯೊ ನಿಲಯಗಳು ಹಾಗೆ ಮಾಡುತ್ತಿದ್ದದ್ದು ಗುಟ್ಟೇನಲ್ಲ. ಆಮೇಲೆ 1987ರಲ್ಲಿ ಸೋನಿ ಕಂಪನಿಯ ಡ್ಯಾಟ್ ಎಂಬ ಡಿಜಿಟಲ್ ಟೇಪು ಬಂತು, ಓವಿಗಳಿಗೆ ಬರ್ನಾರ್ಡ್ ಬೆಲ್ ಬಳಸಿದ್ದು ಇದನ್ನೇ. 2005ರಲ್ಲಿ ಸೋನಿ ಆ ಯಂತ್ರಗಳ ತಯಾರಿಕೆ ನಿಲ್ಲಿಸಿತು. ಹದಿನೆಂಟು ವರ್ಷ. ಬೀಸುಗಲ್ಲಿನ ಆಯುಷ್ಯದ ಮುಂದೆ ಇದು ಎಷ್ಟರದು?

ಈಗ ಕಂಪ್ಯೂಟರ್. ಹೊರಗಿನವರು ಇದನ್ನು ಟೇಪಿನ ಮುಂದಿನ ರೂಪ ಎಂದುಕೊಳ್ಳುತ್ತಾರೆ, ಕೆಲಸದಲ್ಲಿ ಇರುವವರಿಗೆ ವ್ಯತ್ಯಾಸ ಗೊತ್ತು. ಟೇಪಿನಲ್ಲಿ ಹಾಡು ಇರುತ್ತದೆ. ಪ್ರಾಜೆಕ್ಟ್ ಫೈಲಿನಲ್ಲಿ ಹಾಡು ಇರುವುದಿಲ್ಲ, ಹಾಡನ್ನು ಕಟ್ಟುವ ವಿಧಾನ ಇರುತ್ತದೆ. ದನಿ ಇಂಥ ಡ್ರೈವಿನ ಇಂಥ ಫೋಲ್ಡರಿನಲ್ಲಿದೆ, ಹನ್ನೆರಡನೇ ಸೆಕೆಂಡಿಗೆ ಅದನ್ನು ಶುರು ಮಾಡು, ಇಷ್ಟು ಏರಿಸು, ಇಂಥ ಕಂಪನಿಯ ಪ್ಲಗಿನ್ನಿನಿಂದ ಇಷ್ಟು ಗುಂಗು ಕೊಡು ಎಂಬ ಆಜ್ಞೆಗಳ ಸಾಲು. ಅಡುಗೆಯ ಬದಲು ಅಡುಗೆಯ ಚೀಟಿ ಇದು. ಸಾಮಾನು ಮಾತ್ರ ಬೇರೆ ಬೇರೆ ಮನೆಯಲ್ಲಿ. ಆದ್ದರಿಂದ ಹೊಸ ಕಂಪ್ಯೂಟರಿನಲ್ಲಿ ಪ್ರಾಜೆಕ್ಟ್ ತೆರೆದಾಗ ಮೊದಲು ಬರುವ ಸುದ್ದಿ ಫೈಲು ಸಿಗಲಿಲ್ಲ ಎಂಬುದು: ಹಳೆಯದರಲ್ಲಿ ಡಿ ಆಗಿದ್ದ ಡ್ರೈವು ಹೊಸದರಲ್ಲಿ ಇ ಆಗಿರುತ್ತದೆ. ಇದು ಸಣ್ಣ ತೊಡಕು, ದಾರಿ ತೋರಿಸಿದರೆ ಮುಗಿಯುತ್ತದೆ. ಎರಡನೆಯದು ಮಿಡಿ ಟ್ರ್ಯಾಕ್. 1983ರಲ್ಲಿ ಬಂದ ಈ ಏರ್ಪಾಟು ವಾದ್ಯದ ದನಿಯನ್ನು ಹೊರುವುದೇ ಇಲ್ಲ. ಯಾವ ಪಟ್ಟಿ, ಯಾವ ಕ್ಷಣ, ಎಷ್ಟು ಜೋರು ಎಂದಷ್ಟೇ ಹೇಳುತ್ತದೆ. ಹಲಗಿಯ ಪೆಟ್ಟಿನ ದನಿ ಹಳೆ ಕಂಪ್ಯೂಟರಿನ ಸ್ಯಾಂಪಲ್ ಬ್ಯಾಂಕಿನಲ್ಲಿ ಉಳಿದುಬಿಟ್ಟರೆ ಹೊಸದರಲ್ಲಿ ಅದೇ ಹಲಗಿ ಪಿಯಾನೋ ಆಗಿ ಟಿಣಿಟಿಣಿ ಎನ್ನುತ್ತದೆ. ಕರಡಿ ಮಜಲಿನ ಊರಿನವರು ಇದನ್ನು ಕೇಳಿದರೆ ನಗಬಹುದು, ಆಲ್ಬಂ ಮುಗಿಸಿ ಕೊಡಬೇಕಾದವನಿಗೆ ನಗು ಬರುವುದಿಲ್ಲ. ಮೂರನೆಯದು ಪ್ಲಗಿನ್, ಮುಖ್ಯ ತಂತ್ರಾಂಶಕ್ಕೆ ಜೋಡಿಸಿಕೊಳ್ಳುವ ಬಿಡಿ ತಂತ್ರಾಂಶ. 2019ರಲ್ಲಿ ಆಪಲ್ ತನ್ನ ಕಂಪ್ಯೂಟರುಗಳಲ್ಲಿ 32 ಬಿಟ್ ಕಾಲದ ತಂತ್ರಾಂಶಕ್ಕೆ ಬಾಗಿಲು ಹಾಕಿತು. 2020ರಿಂದ ಯಂತ್ರದ ಎದೆಯ ಚಿಪ್ಪನ್ನೇ ಬದಲಿಸಿತು. ಮುಖ್ಯ ತಂತ್ರಾಂಶಗಳ ಪಾಡೂ ಇದೇ: ಕೇಕ್‌ವಾಕ್‌ನ ಬೆಳವಣಿಗೆಯನ್ನು ಅದರ ಮಾಲೀಕ ಗಿಬ್ಸನ್ ಕಂಪನಿ 2017ರಲ್ಲಿ ನಿಲ್ಲಿಸಿತು, ಮರುವರ್ಷ ಬ್ಯಾಂಡ್‌ಲ್ಯಾಬ್ ಅದನ್ನು ಎತ್ತಿಕೊಂಡಿತು. ಕ್ಯೂಬೇಸ್ 2022ರಲ್ಲಿ ಲೈಸೆನ್ಸಿನ ಕೀಲಿಯಾಗಿದ್ದ ಡಾಂಗಲ್ ಕೈಬಿಟ್ಟು ಬೇರೆ ಲೈಸೆನ್ಸ್ ಪದ್ಧತಿಗೆ ಹೋಯಿತು. ಕದ್ದ ತಂತ್ರಾಂಶದಲ್ಲಿ ಕೆಲಸ ನಡೆಸಿದವರಿಗಂತೂ ಹೊಸ ಯಂತ್ರಕ್ಕೆ ಅದನ್ನು ಮತ್ತೆ ಹಾಕಿಕೊಡಿ ಎಂದು ಕೇಳಲು ಬಾಯಿಯೇ ಇಲ್ಲ.

ನಾಲ್ಕನೆಯ ತೊಡಕು ನಮ್ಮನ್ನು ಮತ್ತೆ 78 ಸುತ್ತಿನ ತಟ್ಟೆಯ ಬಳಿಗೆ ಒಯ್ಯುತ್ತದೆ. ಸಿ.ಡಿ. ಕಾಲದ ಧ್ವನಿಗೆ ಸೆಕೆಂಡಿಗೆ 44,100 ಮಾದರಿ. ಡ್ಯಾಟ್ ಮತ್ತು ವಿಡಿಯೊ ಕೆಲಸಕ್ಕೆ 48,000. ಮೊದಲನೆಯದರಲ್ಲಿ ಮುದ್ರಿಸಿದ್ದನ್ನು ಎರಡನೆಯದೆಂದು ತಿಳಿದು ನುಡಿಸಿದರೆ ಹಾಡು ನೂರಕ್ಕೆ ಸುಮಾರು ಒಂಬತ್ತರಷ್ಟು ಚುರುಕಾಗುತ್ತದೆ, ಶ್ರುತಿ ಹೆಚ್ಚುಕಡಿಮೆ ಒಂದೂವರೆ ಪಟ್ಟಿ ಮೇಲೇರುತ್ತದೆ. ಹ್ಯಾನೋವರ್ ತಟ್ಟೆಯ ತಪ್ಪೇ ಇದು, ಬರೀ ಮೋಟರಿನ ಜಾಗದಲ್ಲಿ ಅಂಕಿ ಬಂದಿದೆ. ಫೈಲಿನ ತಲೆಯಲ್ಲಿ ಆ ಸಂಖ್ಯೆ ಬರೆದಿರುತ್ತದೆ ಎಂಬುದು ನಿಜ, ಆದರೆ ಪ್ರಾಜೆಕ್ಟ್ ತನ್ನದೇ ಹಟ ಹಿಡಿದಾಗ ಅದು ಲೆಕ್ಕಕ್ಕೆ ಬಾರದೆ ಹೋಗಬಹುದು. ಕನ್ನಡದವರಿಗೆ ಇದರ ಜೊತೆಗೆ ಇನ್ನೊಂದು ಪ್ರತ್ಯೇಕ ಉಡುಗೊರೆ ಇದೆ. ಸಾಹಿತ್ಯ, ತಾಳ, ಹಾಡಿದವರ ಹೆಸರುಗಳನ್ನು ಹಳೆ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪು ಮಾಡಿಟ್ಟಿದ್ದರೆ, ಆ ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿಗೆ ಬದಲಿಸಿಕೊಳ್ಳದ ಚೀಟಿ, ಇದ್ದೂ ಓದಲಾಗದ ಚೀಟಿ.

ಇಷ್ಟೆಲ್ಲ ಏಕೆ, ಕೊನೆಗೆ ಮಿಕ್ಸ್ ಆದ ಹಾಡು ಇದ್ದೇ ಇದೆಯಲ್ಲ ಎಂದು ಕೇಳುವವರಿದ್ದಾರೆ. ಗ್ರಾಮಫೋನ್ ಕಾಲದಲ್ಲಿ ತಟ್ಟೆಯ ಹೊರತು ಬೇರೇನೂ ಇರಲಿಲ್ಲ. ಅಷ್ಟರಿಂದಲೇ ನಾವು ಅಬ್ದುಲ್ ಕರೀಂ ಖಾನರನ್ನು, ಮಲ್ಲಿಕಾರ್ಜುನ ಮನಸೂರರನ್ನು ಕೇಳುತ್ತಿಲ್ಲವೇ ಎಂದು ಅವರ ವಾದ. ಈ ಮಾತಿನಲ್ಲಿ ಸತ್ಯಾಂಶ ದೊಡ್ಡದು, ಅದನ್ನು ಒಪ್ಪಿಯೇ ಮುಂದೆ ಹೋಗಬೇಕು. ಎಲ್ಲ ಗುಂಡಿಗಳ ಎಲ್ಲ ತಿರುವುಗಳನ್ನು ಕಾಪಾಡುವುದು ಅಸಾಧ್ಯ, ಅನಗತ್ಯ ಕೂಡ. ಆದರೆ ಆಗ ಬಿಡಿ ತುಂಡುಗಳೇ ಇರಲಿಲ್ಲವಾದ್ದರಿಂದ ಯಾರೂ ಕಳೆದುಕೊಳ್ಳಲಿಲ್ಲ. ಈಗ ಇವೆ. ಜಾತ್ರೆಯ ಆರ್ಕೆಸ್ಟ್ರಾಕ್ಕೆ ದನಿ ಇಲ್ಲದ ಟ್ರ್ಯಾಕ್ ಬೇಕಾಗುತ್ತದೆ. ಕನ್ನಡದ ಧಾಟಿಗೆ ಮರಾಠಿ ಪದ ಕೂರಿಸುವ ಗಡಿಯ ಊರುಗಳಲ್ಲಿ ವಾದ್ಯವನ್ನು ಬೇರೆ ಮಾಡಿಕೊಳ್ಳಬೇಕಾಗುತ್ತದೆ. ಹಳೆ ಹಾಡಿಗೆ ಹಾಕಿದ ಅತಿ ಗುಂಗು ಈಗಿನ ಕಿವಿಗೆ ಹಿಡಿಸದಿದ್ದಾಗ ತೆಗೆಯಬೇಕೆನಿಸುತ್ತದೆ. ಬೇಯಿಸಿದ ಮೇಲೆ ಉಪ್ಪು ತೆಗೆಯಲಾಗದು. ಅದಕ್ಕೆ ಮಧ್ಯದ ದಾರಿಯೊಂದಿದೆ, ಅದು ಬಹಳ ಅಗ್ಗದ್ದು: ಹಳೆ ಕಂಪ್ಯೂಟರ್ ಇನ್ನೂ ಏಳುತ್ತಿರುವಾಗಲೇ ಪ್ರತಿ ಟ್ರ್ಯಾಕನ್ನೂ, ಮಿಡಿಯದನ್ನೂ ದನಿಯಾಗಿ ಮಾಡಿ, ಒಂದೇ ಸೊನ್ನೆ ಬಿಂದುವಿನಿಂದ ಕೊನೆಯವರೆಗೆ ಬಿಡಿ ಬಿಡಿ ವೇವ್ ಫೈಲಾಗಿ ಹೊರತೆಗೆಯುವುದು. ಹಾಗೆ ತೆಗೆದವನ್ನು ಯಾವ ತಂತ್ರಾಂಶದಲ್ಲೂ ಎಡಕ್ಕೆ ತಾಗಿಸಿ ಜೋಡಿಸಿದರೆ ಕೂಡಿಕೊಳ್ಳುತ್ತವೆ. 1991ರ ವೇವ್ ರೂಪ ಇಂದಿಗೂ ಎಲ್ಲೆಡೆ ತೆರೆಯುತ್ತದೆ. ಸಮಯದ ಗುರುತು, ವಿವರಗಳನ್ನು ಫೈಲಿನೊಳಗೇ ಹೊರುವ ಅದರ ಪ್ರಸಾರ ರೂಪವನ್ನು ಯುರೋಪಿನ ರೇಡಿಯೊ ಒಕ್ಕೂಟ 1997ರಲ್ಲೇ ಮಾಡಿಕೊಟ್ಟಿದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು. ಹಾಡಿನ ಜೀವ ಬಾಯಿಂದ ಬಾಯಿಗೆ ಹೋಗುವುದರಲ್ಲಿದೆ, ಸ್ಥಿರವಾಗಿ ಇಟ್ಟರೆ ಅದು ಗಾಜಿನ ಪೆಟ್ಟಿಗೆಯ ಹಕ್ಕಿ ಎನ್ನುತ್ತಾರೆ. ಬೆಳಗಾವಿ ತಾಲ್ಲೂಕಿನಲ್ಲೇ ಇದಕ್ಕೆ ಉತ್ತರವಿದೆ. ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿ ಎಂಬ ಹುಡುಗ, ದೊಡ್ಡ ದೊಡ್ಡ ಗಾಯಕರ ತಟ್ಟೆಗಳನ್ನು ಕೇಳಿ ಅವರಂತೆಯೇ ಹಾಡಿ ತೋರಿಸಿ ಬಾಲಕನಾಗಿದ್ದಾಗಲೇ ಹೆಸರಾದ, ಕುಮಾರ ಗಂಧರ್ವ ಎನಿಸಿಕೊಂಡ. ತಟ್ಟೆಯಿಂದ ಎಳೆ ನೆನಪಿಗೆ ಆದ ಸಾಗಣೆ ಅದು, ಅದರಷ್ಟು ಕರಾರುವಾಕ್ಕಾದ ಪ್ರತಿ ಯಾವ ಯಂತ್ರದಿಂದಲೂ ಬರಲಿಕ್ಕಿಲ್ಲ. ಆದರೆ ಅವರು ಪ್ರತಿಯಾಗಿ ಉಳಿಯಲಿಲ್ಲ. ಕ್ಷಯ ಹಿಡಿದು 1948ರಲ್ಲಿ ದೇವಾಸಕ್ಕೆ ಹೋಗಿ, ಹಾಡಲಾಗದೆ ಹಾಸಿಗೆ ಹಿಡಿದ ವರ್ಷಗಳಲ್ಲಿ ಮಾಳವದ ಜನಪದ ಧಾಟಿಗಳಿಗೆ ಕಿವಿಗೊಟ್ಟು, ಚೇತರಿಸಿಕೊಂಡ ಮೇಲೆ ಬೇರೆಯದೇ ಗಾಯನ ಕಟ್ಟಿದರು. ಸ್ಥಿರವಾದ ಮುದ್ರಣ ಬಾಯಿಪಾಠದ ಪರಂಪರೆಯನ್ನು ಕೊಲ್ಲುತ್ತದೆ ಎನ್ನುವವರು ಈ ಒಬ್ಬರನ್ನು ಎಲ್ಲಿ ಕೂರಿಸುತ್ತಾರೋ ನಾನರಿಯೆ. ತಟ್ಟೆ ಇದ್ದದ್ದರಿಂದ ಅವರಿಗೆ ಮೀರಲು ಒಂದು ಗಡಿ ಸಿಕ್ಕಿತು. ಆದರೂ ಆಕ್ಷೇಪದಲ್ಲಿ ಒಂದು ಎಚ್ಚರಿಕೆ ಇದೆ: ಹಾಡಿದವರ ಊರಿಗೆ ಮರಳದ ಮುದ್ರಣ ನಿಜಕ್ಕೂ ಗಾಜಿನ ಪೆಟ್ಟಿಗೆಯೇ. ಬಾಕೆಯ ಪ್ರತಿಗಳನ್ನು ಹಳ್ಳಿಗಳಿಗೆ ಹೊತ್ತುಕೊಂಡು ಹೋದವರಿಗೆ ಅದು ತಿಳಿದಿತ್ತು.

ಮೂರನೆಯ ಆಕ್ಷೇಪ ಯಂತ್ರಪ್ರಿಯರದು. ಹಳೆ ಕಂಪ್ಯೂಟರನ್ನೇ ಹಾಗೇ ಇಟ್ಟುಕೊಳ್ಳಿ, ಬೇಕಾದಾಗ ಹಚ್ಚಿದರಾಯಿತು ಎನ್ನುತ್ತಾರೆ. ಇಲ್ಲವೇ ಎಲ್ಲ ತಂತ್ರಾಂಶಕ್ಕೂ ಸಲ್ಲುವ ತೆರೆದ ರೂಪ ಬರುತ್ತದೆ, ಕಾಯಿರಿ ಎನ್ನುತ್ತಾರೆ. ಮೊದಲನೆಯದಕ್ಕೆ ಟೆಫಿ, ಡ್ಯಾಟ್ ಎರಡೂ ಸಾಕ್ಷಿ ಹೇಳಿ ಮುಗಿಸಿವೆ. ಮಲಪ್ರಭೆಯ ತಲೆಗಟ್ಟಿನ ಮಳೆಗಾಲದಲ್ಲಿ ನಾಲ್ಕು ವರ್ಷ ಹಚ್ಚದೆ ಇಟ್ಟ ಕಂಪ್ಯೂಟರ್ ಐದನೆಯ ವರ್ಷ ಏಳುತ್ತದೆ ಎಂದು ನಂಬುವುದಕ್ಕೆ ಭಕ್ತಿ ಬೇಕು. ಎರಡನೆಯದು ಹುಸಿ ಆಸೆಯೇನಲ್ಲ. ಬಿಟ್‌ವಿಗ್ ಮತ್ತು ಪ್ರಿಸೋನಸ್ ಕಂಪನಿಗಳು ಸೇರಿ 2023ರಲ್ಲಿ ಅಂಥ ಒಂದು ರೂಪವನ್ನು ಹೊರತಂದಿವೆ, ಟ್ರ್ಯಾಕುಗಳ ಜೋಡಣೆ, ಏರಿಳಿತಗಳು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಅದರಲ್ಲಿ ಹೋಗುತ್ತವೆ. ಆದರೆ ಅದು ಪ್ಲಗಿನ್ನಿನ ಹೆಸರು, ಅದರ ಅಳವಡಿಕೆಗಳನ್ನು ಒಯ್ಯಬಲ್ಲುದೇ ಹೊರತು ಇಲ್ಲದ ಪ್ಲಗಿನ್ನನ್ನು ತಂದುಕೊಡಲಾರದು. ಅಡುಗೆಯ ಚೀಟಿ ಎಲ್ಲರಿಗೂ ಓದಲು ಬಂದರೂ ಸಾಮಾನು ಅಂಗಡಿಯಲ್ಲಿರಬೇಕು.

ಹಾಗಾದರೆ ಉಳಿಯುವ ಚೀಟಿ ಯಾವುದು? ಕಾಗದ ಉದುರುತ್ತದೆ, ಹಳೆ ಫಾಂಟು ಕೈಕೊಡುತ್ತದೆ, ಫೈಲಿನ ಹೆಸರನ್ನು ಸಾಗಿಸುವವರೇ ‘ಫೈನಲ್ 2 ಹೊಸದು’ ಎಂದು ಬದಲಿಸಿಬಿಡುತ್ತಾರೆ. ಕೆಲವು ಧ್ವನಿಮುದ್ರಣಕಾರರಲ್ಲಿ ಇನ್ನೂ ಒಂದು ರೂಢಿ ಇದೆ. ಕೆಂಪು ದೀಪ ಹತ್ತಿದ ಮೇಲೆ, ಹಾಡು ಶುರುವಾಗುವ ಮೊದಲು, ಮೈಕಿನ ಮುಂದೆ ನಿಂತು ಒಂದು ಮಾತು ಹೇಳುತ್ತಾರೆ: ಇಂದಿನ ತಾರೀಖು, ಊರು, ಹಾಡುವವರ ಹೆಸರು, ಹಾಡಿನ ಮೊದಲ ಸಾಲು, ಎಷ್ಟನೆಯ ಸಲ. ಹಾರ್ಮೋನಿಯಂನವರು ಶ್ರುತಿಯ ಪಟ್ಟಿಯನ್ನು ಒಮ್ಮೆ ಒತ್ತಿ ‘ಕರಿ ಎರಡು’ ಎಂದೋ ‘ಬಿಳಿ ನಾಲ್ಕು’ ಎಂದೋ ಹೇಳಿ ಬಿಡುತ್ತಾರೆ. ಮಿಕ್ಸಿಂಗಿನಲ್ಲಿ ಅದನ್ನು ಕತ್ತರಿಸಿ ಹಾಕುವುದು ವಾಡಿಕೆ. ಕತ್ತರಿಸದೆ ಮೂಲ ಟ್ರ್ಯಾಕಿನಲ್ಲಿ ಬಿಟ್ಟರೆ ಹತ್ತು ಸೆಕೆಂಡಿನ ಜಾಗ ಹೋಗುತ್ತದೆ, ಅಷ್ಟೆ. ಅದಕ್ಕೆ ಲೈಸೆನ್ಸ್ ಬೇಡ, ಫಾಂಟ್ ಬೇಡ. ಮುಂದೆಂದೋ ಯಾರೋ ತಪ್ಪು ವೇಗದಲ್ಲಿ ತೆರೆದರೂ, ಕರಿ ಎರಡು ಎಂದ ದನಿಯ ಹಿಂದೆ ಬೇರೆ ಪಟ್ಟಿ ನುಡಿಯುವುದು ಕಿವಿಗೆ ಬಿದ್ದೇ ಬೀಳುತ್ತದೆ. ಗೌಹರ್ ಜಾನ್ 1902ರಲ್ಲಿ ಹ್ಯಾನೋವರ್‌ನ ಗುರುತಿಲ್ಲದ ಕೆಲಸಗಾರನಿಗೆ ಕೂಗಿ ಹೇಳಿದ್ದೂ ಇಂಥದೇ ಚೀಟಿ, ಅದರಲ್ಲಿ ಹೆಸರಷ್ಟೇ ಇತ್ತು.